ಕುಸುಮರೋಗ: ತಪ್ಪು ತಾಯಿಯದಲ್ಲ

ಒಮ್ಮೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ಏಳೆಂಟು ವರ್ಷದ ಹುಡುಗ, ಅವನ ತಾಯಿ, ಅಜ್ಜಿ. ಹುಡುಗನ ಮೊಣಕಾಲು ಬಾತಿತ್ತು. ಆಡುವಾಗ ಬಿದ್ದನೇ ಎಂದು ಕೇಳಿದೆ.

"ಬಿದ್ದಿಲ್ಲರೀ. ಕುಸುಮರೋಗ ಅಂತ ಡಾಕ್ಟರ್ ಹೇಳ್ಯಾರ. ನಮ್ಮ ಮನ್ಯಾಗ ಯಾರಿಗೂ ಇದ್ದಿಲ್ಲ. ಎಲ್ಲಾ ಇಕಿ ತವರಿಂದ ಬಂದದ" ಎಂದರು ಅಜ್ಜಿ. ತಾಯಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ವಿದ್ಯಾರ್ಥಿಗಳೇ, ಅಜ್ಜಿಯ ಮಾತಿನಲ್ಲಿ ಅರ್ಧ ವಿಜ್ಞಾನವಿದೆ, ಇನ್ನರ್ಧ ಅನ್ಯಾಯ.

ಕುಸುಮರೋಗವೆಂದರೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ 8ನೇ ಅಥವಾ 9ನೇ ಅಂಶದ ಕೊರತೆ. ಗಾಯವಿಲ್ಲದೆಯೂ ಕೀಲಿನೊಳಗೆ ರಕ್ತ ಸೋರಬಹುದು. ಈ ಅಂಶಗಳ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿವೆ. ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ದೋಷವಿದ್ದರೆ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತದೆ. ಆಕೆ ವಾಹಕಿ. ಗಂಡಿಗೆ ಇರುವುದು ಒಂದೇ ಎಕ್ಸ್, ಜೊತೆಗೆ ಒಂದು ವೈ. ದೋಷವಿದ್ದರೆ ರೋಗ ಕಾಣಿಸಿಕೊಳ್ಳುತ್ತದೆ.

ವಾಹಕಿಯ ಪ್ರತಿ ಮಗನಿಗೂ ರೋಗ ಬರುವ ಸಂಭವ ಅರ್ಧ. ಪ್ರತಿ ಮಗಳೂ ವಾಹಕಿಯಾಗುವ ಸಂಭವ ಅರ್ಧ. ಇದು ಪ್ರತಿ ಸಲವೂ ಹೊಸದಾಗಿ ನಾಣ್ಯ ಚಿಮ್ಮಿದಂತೆ. ಮೊದಲನೆಯವನಿಗೆ ಬಂದಿತೆಂದು ಎರಡನೆಯವನು ಪಾರಾಗುವುದಿಲ್ಲ. ರೋಗವಿರುವ ತಂದೆ ಮಗನಿಗೆ ವೈ ಕೊಡುತ್ತಾನೆ. ಆದ್ದರಿಂದ ರೋಗ ತಂದೆಯಿಂದ ಮಗನಿಗೆ ಬಾರದು. ಆದರೆ ಅವನ ಹೆಣ್ಣುಮಕ್ಕಳೆಲ್ಲ ವಾಹಕಿಯರು.

ಇನ್ನೊಂದು ಮಾತು. ಸುಮಾರು ಮೂರನೇ ಒಂದು ಭಾಗದ ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ರೋಗ ಇರುವುದಿಲ್ಲ. ವಂಶವಾಹಿಯಲ್ಲಿ ಹೊಸದಾಗಿ ಆದ ಬದಲಾವಣೆಯೇ ಅನೇಕ ಸಲ ಅದಕ್ಕೆ ಕಾರಣ. ಹಾಗಾಗಿ ತಾಯಿ ವಾಹಕಿಯೋ ಅಲ್ಲವೋ ಪರೀಕ್ಷೆಯಿಂದಲೇ ತಿಳಿಯಬೇಕು.

ಪಾಲಕರಿಗೊಂದು ಸೂಚನೆ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯುಂಟು. ಮಾವನಿಗೆ ಕುಸುಮರೋಗವಿದ್ದರೆ ಅಕ್ಕನ ಮಗಳೂ ವಾಹಕಿಯಾಗಿರಬಹುದು. ಹಾಗಿದ್ದಲ್ಲಿ ಅವರ ಹೆಣ್ಣುಮಕ್ಕಳಿಗೂ ರೋಗ ಬರುವ ಸಂಭವ ಅರ್ಧ. ಮದುವೆಗೆ ಮೊದಲೇ ವೈದ್ಯರನ್ನು ಕೇಳಿ.

ರೋಗ ಬಂದರೆ ಬದುಕು ಮುಗಿಯಲಿಲ್ಲ. ಕೊರತೆಯಿರುವ ಅಂಶವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಮಗುವಿಗೆ ಆಸ್ಪಿರಿನ್ ಕೊಡಬೇಡಿ; ಯಾವುದೇ ಇಂಜೆಕ್ಷನ್‌ಗೆ ಮುನ್ನ ರೋಗದ ವಿಷಯ ತಿಳಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರಿಗೆ ಸ್ವತಃ ಕುಸುಮರೋಗವಿದೆ. ಅವರು ಓದಿ ವೈದ್ಯರಾದರು, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಮೂಲಕ ಇಂಥವರಿಗಾಗಿ ದುಡಿದರು.

ಅಜ್ಜಿಗೆ ಇಷ್ಟೇ ಹೇಳಿದೆ: "ಅವ್ವಾ, ಮಗುವಿಗೆ ಮೂಗು, ಬಣ್ಣ ನಾವು ಆರಿಸಿ ಕೊಡ್ತೀವೇನು? ಇದೂ ಹಾಂಗೇ. ಇಕಿದೇನು ತಪ್ಪು?" ಅವರು ಮಾತಾಡಲಿಲ್ಲ. ಹುಮನಾಬಾದಿನಲ್ಲಿ ಇಳಿಯುವಾಗ ಸೊಸೆಯ ಕೈಯಿಂದ ಚೀಲ ತಾವೇ ತೆಗೆದುಕೊಂಡರು.