ಮಗ್ರಿಬ್‌ನಿಂದ ಇಶಾವರೆಗೆ ಒಂದು ಗಂಟೆ

ಕಳೆದ ವರ್ಷದ ಚಿತ್ರ ಸ್ಪರ್ಧೆಯಲ್ಲಿ ನಮಗೆ ಕೊಟ್ಟ ವಿಷಯ ‘ರಾತ್ರಿಯ ಊರು’. ಬಂದ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ತರ: ಕಪ್ಪು ಆಕಾಶ, ಹಳದಿ ಚಂದ್ರ, ಹಳದಿ ಕಿಟಕಿ. ನನ್ನದೂ ಹಾಗೇ ಇತ್ತು. ಮೊಬೈಲ್ ಫೋಟೊ ನೋಡಿ ಬರೆದಿದ್ದೆ.

ಆಮೇಲೆ ಒಂದು ಸಂಜೆ ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ, ಅಬ್ಬಾನ ಅಂಗಡಿ ಮೆಟ್ಟಿಲ ಮೇಲೆ ಕೂತು ಜಲವರ್ಣದಲ್ಲಿ ಬರೆದೆ. ಆಕಾಶ ಕಪ್ಪಾಗಿರಲೇ ಇಲ್ಲ, ಗಾಢ ನೀಲಿಯಾಗಿತ್ತು. ಮೈಸೂರಿನ ದಿಕ್ಕಿಗೆ ಮಾತ್ರ ತುಸು ಕೆಂಪು. ಕಬ್ಬಿನ ಹಾಲಿನ ಗಾಡಿಯ ಬಲ್ಬಿನ ಕೆಳಗೆ ಒದ್ದೆ ನೆಲವೂ ಹೊಳೆಯುತ್ತಿತ್ತು. ಮೊಬೈಲ್ ಇದನ್ನು ತೋರಿಸುವುದಿಲ್ಲ. ಅದು ಕತ್ತಲನ್ನು ಬೆಳಗಿಸಿಬಿಡುತ್ತದೆ, ಬಲ್ಬನ್ನು ಬಿಳಿ ಮುದ್ದೆ ಮಾಡುತ್ತದೆ.

ಚಿತ್ರವೇನೋ ಕೆಟ್ಟಿತು. ಅಂಗಡಿಯ ಹಳದಿ ದೀಪದಲ್ಲಿ ಹಳದಿ ಬಣ್ಣ ಕಾಗದದ ಮೇಲೆ ಕಾಣುವುದೇ ಇಲ್ಲ. ಸಾಲದೆಂದು ಮತ್ತೆ ಮತ್ತೆ ಹಚ್ಚಿದ್ದೆ. ಬೆಳಿಗ್ಗೆ ನೋಡಿದರೆ ಅರಿಶಿನ ಚೆಲ್ಲಿದಂತಿತ್ತು. ರಾತ್ರಿಯ ತೇವಕ್ಕೆ ಕಾಗದ ಬೇಗ ಒಣಗದೆ ನೀಲಿ ಹರಿದು ದೀಪದೊಳಗೆ ನುಗ್ಗಿತ್ತು. ಆದರೂ ಒಂದು ಪಾಠ ಕಲಿತೆ: ಜಲವರ್ಣದಲ್ಲಿ ಬೆಳಕನ್ನು ಹಚ್ಚಲಾಗದು, ಬಿಡಬೇಕು. ದೀಪವಿರುವ ಜಾಗದಲ್ಲಿ ಕಾಗದದ ಬಿಳಿಯನ್ನು ಮುಟ್ಟದೆ ಉಳಿಸಿ, ಸುತ್ತ ಕತ್ತಲು ತುಂಬಬೇಕು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಅನೇಕರು ಅದನ್ನು ರವಿವರ್ಮನದೆಂದು ತಿಳಿಯುತ್ತಾರೆ. ಅದನ್ನು ಬರೆದವರು ಎಸ್.ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳು ಕೆಂಪಾಗಿರುವುದನ್ನು ಈಗ ನೋಡಿದರೆ, ಅವರು ದೀಪದ ಮುಂದೆ ಎಷ್ಟು ಹೊತ್ತು ಕಣ್ಣಿಟ್ಟು ನೋಡಿರಬೇಕು ಎನಿಸುತ್ತದೆ.

ಅದಕ್ಕೇ ನನ್ನ ವಾದ: ರಾತ್ರಿಯನ್ನು ಬರೆಯಬೇಕಾದರೆ ರಾತ್ರಿಯಲ್ಲಿ ಕೂರಬೇಕು. ನಮ್ಮ ಹುಡುಗರು ಹಾಗೆ ಕೂರಬಲ್ಲರು. ಹುಡುಗಿಯರಿಗೆ ಮಾತ್ರ ದೀಪ ಹಚ್ಚುವ ಹೊತ್ತಿಗೆ ಊರು ಮುಗಿಯುತ್ತದೆ. ನನಗೆ ಅಬ್ಬಾನ ಅಂಗಡಿಯಿತ್ತು. ನನ್ನ ಗೆಳತಿಯರಿಗೆ ಅದಿಲ್ಲ. ಹುಟ್ಟಿ ಬೆಳೆದ ಊರಿನ ಅರ್ಧ ದಿನವನ್ನು ಅವರು ಕಿಟಕಿಯಿಂದಷ್ಟೇ ನೋಡಿದ್ದಾರೆ.

ಮನೆಯವರ ಭಯ ಸುಳ್ಳಲ್ಲ. “ಕತ್ತಲಾದ ಮೇಲೆ ಬಣ್ಣ ಹಿಡಿದು ರಸ್ತೇಲಿ ಕೂರ್ತೀಯಾ?” ಎಂದು ಅಮ್ಮಿ ನನ್ನನ್ನೂ ಕೇಳಿದ್ದರು. ಆದರೆ ಭಯಕ್ಕೆ ಉತ್ತರ ಬಾಗಿಲು ಹಾಕುವುದಲ್ಲ, ಜೊತೆಗೆ ಬರುವುದು. ಜೀವಿಗಳ ಚಿತ್ರ ಬರೆಯಬಹುದೇ ಎಂಬ ಪ್ರಶ್ನೆಯೂ ಕೆಲವು ಮನೆಗಳಲ್ಲಿದೆ. ಅಂಥವರು ಜುಮ್ಮಾ ಮಸೀದಿಯ ಎರಡು ಮಿನಾರು, ಕೋಟೆಯ ಗೋಡೆ, ಬೀದಿದೀಪ ಬರೆಯಲಿ. ರಾತ್ರಿಯ ಚಿತ್ರಕ್ಕೆ ಅಷ್ಟೇ ಸಾಕು.

ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇದು. ಡಿಸೆಂಬರ್‌ನಲ್ಲಿ ಸೂರ್ಯ 6 ಗಂಟೆಯ ಹೊತ್ತಿಗೇ ಮುಳುಗುತ್ತಾನೆ. ತಿಂಗಳಿಗೊಂದು ಶನಿವಾರ, ಮಗ್ರಿಬ್ ನಮಾಜ್ ಮುಗಿಸಿ ಇಶಾವರೆಗೆ, ಇಬ್ಬರು ಉಪನ್ಯಾಸಕಿಯರ ಜೊತೆ ನಮ್ಮನ್ನು ಕೋಟೆ ಬೀದಿಗೆ ಕರೆದೊಯ್ಯಿರಿ. ಬರಲಿಚ್ಛಿಸುವ ತಾಯಂದಿರೂ ಬರಲಿ. ಬೇಕಾಗುವುದು ಒಂದು ಬಣ್ಣದ ಪೆಟ್ಟಿಗೆ, ಒಂದು ಬಾಟಲಿ ನೀರು, ಕುತ್ತಿಗೆಗೆ ನೇತುಹಾಕುವ ಸಣ್ಣ ಬಿಳಿ ಟಾರ್ಚ್.

ಅಮ್ಮಿ ಬರಲು ಒಪ್ಪಿದ್ದಾರೆ. ಟಾರ್ಚ್ ಹಿಡಿಯುವುದು ಅವರ ಕೆಲಸ.