ಅಪಶಬ್ದದ ಮುಂದೆ ಕಂಪೈಲರ್

ಶಬ್ದಗಳನ್ನು ಉಪದೇಶಿಸಬೇಕೋ, ಅಪಶಬ್ದಗಳನ್ನು ಉಪದೇಶಿಸಬೇಕೋ ಎಂಬ ಪ್ರಶ್ನೆಯನ್ನು ಪತಂಜಲಿ ಮಹರ್ಷಿಗಳು ಮಹಾಭಾಷ್ಯದ ಆರಂಭದಲ್ಲಿಯೇ ಎತ್ತಿಕೊಂಡಿದ್ದಾರೆ. ‘ಗೋ’ ಎಂಬ ಒಂದು ಸಾಧುಶಬ್ದಕ್ಕೆ ಗಾವೀ, ಗೋಣೀ ಮೊದಲಾದ ಅಪಭ್ರಂಶಗಳು ಹಲವು; ಆದಕಾರಣ ಸಾಧುಶಬ್ದಗಳ ಉಪದೇಶವೇ ಲಘುಮಾರ್ಗವೆಂಬುದು ಅಲ್ಲಿಯ ನಿರ್ಣಯ. ಉಪದೇಶಿಸುವವನಿಗೆ ಈ ನಿರ್ಣಯ ಸಾಕು; ಕೇಳಿಸಿಕೊಳ್ಳುವವನಿಗೆ ಸಾಲದು. ಅವನ ಕಿವಿಗೆ ಸಾಧುವೂ ಬೀಳುತ್ತದೆ, ಅಸಾಧುವೂ ಬೀಳುತ್ತದೆ. ಗಣಕಯಂತ್ರದ ಲೋಕದಲ್ಲಿ ಹೀಗೆ ಕೇಳಿಸಿಕೊಳ್ಳುವ ಸ್ಥಾನದಲ್ಲಿರುವುದು ಕಂಪೈಲರ್.

ಮನುಷ್ಯನು ಬರೆದ ಕ್ರಮವಿಧಿಯನ್ನು ಯಂತ್ರಕ್ಕೆ ತಿಳಿಯುವ ಸಂಕೇತಗಳಾಗಿ ಪರಿವರ್ತಿಸುವುದು ಕಂಪೈಲರಿನ ಕಾರ್ಯ. ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಅವರ ತಂಡವು ಸಿದ್ಧಪಡಿಸಿದ ಫೋರ್ಟ್ರಾನ್ ಕಂಪೈಲರ್ 1957ರಲ್ಲಿ ಬಳಕೆಗೆ ಬಂದಿತು. ಕ್ರಮವಿಧಿಯ ಭಾಷೆಗಳ ವ್ಯಾಕರಣವನ್ನು ನಿರೂಪಿಸಲು ಬ್ಯಾಕಸ್ ಅವರು ರೂಪಿಸಿದ ಸೂತ್ರಪದ್ಧತಿಯು ಪಾಣಿನಿಯ ಪದ್ಧತಿಗೆ ಹತ್ತಿರವಾದುದೆಂದೂ, ಅದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದೂ 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ಸೂಚಿಸಿದ್ದುಂಟು. ವ್ಯಾಕರಣದ ಅಧ್ಯಾಪಕರಿಗೆ ಈ ವಿಷಯವು ಪರಕೀಯವೇನಲ್ಲ.

ಬಂದ ವಾಕ್ಯವು ಸಾಧುವಾದರೆ ಕಂಪೈಲರ್ ಅದನ್ನು ಪರಿವರ್ತಿಸಬೇಕು. ಅಸಾಧುವಾದರೆ ಇಂಥ ಸಾಲಿನಲ್ಲಿ ಇಂಥ ದೋಷವಿದೆಯೆಂದು ತಿಳಿಸಬೇಕು. ಇವೆರಡರ ಹೊರತು ಮೂರನೆಯ ಗತಿಯೊಂದುಂಟು: ತಪ್ಪು ವಾಕ್ಯವನ್ನು ಕಂಡು ಕಂಪೈಲರೇ ಕುಸಿದುಬೀಳುವುದು. 1987ರಲ್ಲಿ ಮೊದಲು ಬಿಡುಗಡೆಯಾದ ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿನಲ್ಲಿ ಇದಕ್ಕೆ ‘ಇಂಟರ್ನಲ್ ಕಂಪೈಲರ್ ಎರರ್’ ಎಂದು ಹೆಸರು. ಸರಿಯಾದ ಕ್ರಮವಿಧಿಯಿಂದಾದ ಕುಸಿತ, ತಪ್ಪು ಕ್ರಮವಿಧಿಯಿಂದಾದ ಕುಸಿತ ಎಂದು ಎರಡು ವರ್ಗಗಳಾಗಿಯೇ ಅಲ್ಲಿ ದೋಷಗಳನ್ನು ದಾಖಲಿಸುತ್ತಾರೆ.

ಕುಸಿತದ ಕಾರಣ ಹೀಗಿದೆ. ಒಂದು ತಪ್ಪು ಕಂಡೊಡನೆ ಕಂಪೈಲರ್ ನಿಂತುಬಿಡುವುದಿಲ್ಲ; ಉಳಿದ ತಪ್ಪುಗಳನ್ನೂ ಒಮ್ಮೆಗೇ ತೋರಿಸುವ ಸಲುವಾಗಿ ಮುಂದೆ ಓದುತ್ತದೆ. ಘೋಷಿಸದ ಹೆಸರೊಂದನ್ನು ವಿದ್ಯಾರ್ಥಿಯು ಸರಣಿಯೊಂದರ ಅಳತೆಯಾಗಿ ಬರೆದನೆಂದಿಟ್ಟುಕೊಳ್ಳಬಹುದು. ಮೊದಲ ಹಂತವು ತಪ್ಪನ್ನು ಹೇಳಿ, ಅಳತೆಯ ಸ್ಥಾನದಲ್ಲಿ ‘ಇಲ್ಲಿ ದೋಷವಿದೆ’ ಎಂಬ ಗುರುತನ್ನಿಟ್ಟು ಮುಂದುವರಿಯುತ್ತದೆ. ಮುಂದಿನ ಹಂತವೊಂದು ಆ ಗುರುತನ್ನು ಗಮನಿಸದೆ, ಅಲ್ಲಿ ಸಂಖ್ಯೆಯೇ ಇರುವುದೆಂದು ನಂಬಿ ಲೆಕ್ಕಕ್ಕೆ ತೊಡಗಿದರೆ ಪತನ ತಪ್ಪಿದ್ದಲ್ಲ. ತಪ್ಪು ವಿದ್ಯಾರ್ಥಿಯದಾದರೂ ಕುಸಿತದ ಹೊಣೆ ಕಂಪೈಲರಿನದೇ.

ಹೇಗೂ ಕ್ರಮವಿಧಿಯೇ ತಪ್ಪು, ಅದನ್ನು ಮೊದಲೇ ತಿಳಿಸಿಯೂ ಆಗಿದೆ, ಬಳಿಕ ಕಂಪೈಲರ್ ಕುಸಿದರೆ ನಷ್ಟವೇನು ಎಂದು ಕೆಲವರು ವಾದಿಸಬಹುದು. ಜಿಸಿಸಿಯ ಬಿಡುಗಡೆಯಾದ ಆವೃತ್ತಿಗಳು ಇಂಥ ಸಂದರ್ಭದಲ್ಲಿ, ಹಿಂದಿನ ದೋಷಗಳಿಂದ ಗೊಂದಲವಾಯಿತೆಂದು ಹೇಳಿ ಕೆಲಸ ನಿಲ್ಲಿಸುವುದೂ ಉಂಟು. ಇದು ಮೌನಕ್ಕಿಂತ ಮೇಲು, ಆದರೆ ಸಾಲದು. ಅನುಭವಿಯು ಇಂಥ ಕುಸಿತವನ್ನು ಕಂಡು ನಕ್ಕು ಮುಂದೆ ಸಾಗಿಯಾನು. ಹೊಸತಾಗಿ ಕಲಿಯುವ ಬಾಲಕನಾದರೋ ತಾನೇ ಯಂತ್ರವನ್ನು ಕೆಡಿಸಿದೆನೆಂದು ಹೆದರುತ್ತಾನೆ. ಹೆಚ್ಚು ತಪ್ಪು ಬರೆಯುವವನೂ ಅವನೇ, ಉತ್ತರ ಬೇಕಾದವನೂ ಅವನೇ. ಅಲ್ಲದೆ, ಬರೆಯುತ್ತಿರುವಾಗಲೇ ತಪ್ಪುಗಳನ್ನು ತೋರಿಸುವ ಸಂಪಾದಕ ಸಾಧನಗಳು ಇಂದು ಎಲ್ಲೆಡೆಯೂ ಇವೆ. ಅರ್ಧ ಬರೆದ ಕ್ರಮವಿಧಿಯು ಬಹುಪಾಲು ಸಮಯ ಅಸಾಧುವೇ ಆಗಿರುತ್ತದೆ. ಅಸಾಧುವನ್ನು ಸಹಿಸಲಾರದ ಸಾಧನವು ಅಲ್ಲಿ ಹತ್ತು ನಿಮಿಷವೂ ನಿಲ್ಲಲಾರದು.

ಹಾಗಾದರೆ ಇದಕ್ಕೆ ಚಿಕಿತ್ಸೆ ಯಾವುದು? ಕುಸಿತಕ್ಕೆ ಕಾರಣವಾದ ದೊಡ್ಡ ಕ್ರಮವಿಧಿಯನ್ನು ಮೊದಲು ಸಾಲುಸಾಲಾಗಿ ಕಳೆಯುತ್ತ, ಕುಸಿತವನ್ನು ಉಂಟುಮಾಡಬಲ್ಲ ಅತ್ಯಲ್ಪ ಭಾಗಕ್ಕೆ ಇಳಿಸಬೇಕು. ಎಷ್ಟೋ ವೇಳೆ ಎರಡು-ಮೂರು ಸಾಲುಗಳಷ್ಟೇ ಉಳಿಯುತ್ತವೆ. ಆಮೇಲೆ ಮೂಲವನ್ನು ಅರಸಬೇಕು. ಬಿದ್ದ ಸ್ಥಳದಲ್ಲಿಯೇ ತೇಪೆ ಹಚ್ಚುವುದು ಸುಲಭ. ಆದರೆ ಅದೇ ದೋಷದ ಗುರುತು ಬೇರೊಂದು ದಾರಿಯಿಂದ ಮುಂದೆ ಹೋಗಿ ಇನ್ನೊಂದು ಹಂತವನ್ನು ಕೆಡವೀತು. ಗುರುತನ್ನು ಮೊಟ್ಟಮೊದಲು ಗಮನಿಸಬೇಕಾಗಿದ್ದ ಹಂತ ಯಾವುದೆಂದು ಕಂಡುಕೊಂಡು ಅಲ್ಲಿಯೇ ಪರೀಕ್ಷೆಯನ್ನಿಡುವುದು ಸರಿಯಾದ ಕ್ರಮ. ತಿದ್ದುಪಡಿಯು ಒಂದೆರಡು ಸಾಲುಗಳದ್ದಾದರೂ ಸ್ಥಾನನಿರ್ಣಯಕ್ಕೆ ದಿನಗಳೇ ಹಿಡಿಯಬಹುದು. ಕೊನೆಯದಾಗಿ, ಆ ತಪ್ಪು ಸಾಲುಗಳನ್ನೇ, ಬರಬೇಕಾದ ದೋಷಸೂಚನೆಯ ಸಹಿತ, ಕಂಪೈಲರಿನ ಪರೀಕ್ಷಾಸಂಗ್ರಹದಲ್ಲಿ ಸೇರಿಸಬೇಕು. ಇಲ್ಲವಾದರೆ ಮುಂದೊಂದು ದಿನ ಯಾರೋ ಮಾಡುವ ಬದಲಾವಣೆಯಿಂದ ಹಳೆಯ ರೋಗವೇ ಮರುಕಳಿಸೀತು. ಇಂಥ ಸಂಗ್ರಹಗಳಲ್ಲಿ ಅಪಶಬ್ದಗಳಿಗೂ ಗೌರವದ ಸ್ಥಾನವಿರುವುದು ವೈಯಾಕರಣರು ಮೆಚ್ಚಬೇಕಾದ ಸಂಗತಿ.

ಅಪಶಬ್ದಗಳಿಗೆ ಅಂತ್ಯವಿಲ್ಲವೆಂಬ ಮಾತು ನಿಜ. ಎಲ್ಲವನ್ನೂ ಮುಂಗಂಡು ಕಟ್ಟಿದ ಕಂಪೈಲರ್ ಇರಲಾರದು. ಆದುದರಿಂದಲೇ ಬಂದ ಒಂದೊಂದು ಕುಸಿತವನ್ನೂ ಉಪೇಕ್ಷಿಸದೆ ತಿದ್ದುವ ಶ್ರದ್ಧೆ ಅವಶ್ಯಕ. ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವಿತ್ತ ಮಹನೀಯರ ಔದಾರ್ಯವು ಸಾರ್ಥಕವಾಗುವುದು, ಆ ಯಂತ್ರಗಳ ಮುಂದೆ ಕುಳಿತ ಬಾಲಕನು ನಿರ್ಭಯನಾಗಿ ತಪ್ಪು ಬರೆಯಬಲ್ಲವನಾದಾಗ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳೂ, ತರಗತಿಯಲ್ಲಿರುವ ಅಧ್ಯಾಪಕರೂ ಒಂದು ಮಾತನ್ನು ಮನನ ಮಾಡಬಹುದು: ಸರಿಯುತ್ತರಕ್ಕೆ ಅಂಕ ಹಾಕುವುದು ಯಾರಿಂದಲೂ ಆದೀತು, ತಪ್ಪುತ್ತರದ ಮುಂದೆ ಸ್ಥಿರವಾಗಿ ನಿಂತು, ತಪ್ಪು ಎಲ್ಲಿದೆಯೆಂದು ತಿಳಿಯಹೇಳುವುದರಲ್ಲಿಯೇ ಗುರುವಿನ ಯೋಗ್ಯತೆ ಪ್ರಕಟವಾಗುತ್ತದೆ.