ಪ್ರವಾದಿಯ ಮುಖವೂ ದಾನಿಯ ಹೆಸರೂ

ಚಿತ್ರವೊಂದರ ಗುಣದೋಷಗಳನ್ನು ತೂಗುವಾಗ, ಅದನ್ನು ರಚಿಸಿದವನು ಎಂಥವನು, ಅದು ಯಾರ ಕೈಯಿಂದ ಬಂದಿತು ಎಂಬ ವಿಚಾರವು ಅಪ್ರಸ್ತುತವೆಂದು ವಾದಿಸುವ ರಸಿಕರು ಎಲ್ಲ ದೇಶಗಳಲ್ಲಿಯೂ ಉಂಟು. ಈ ವಾದವೆಷ್ಟು ಟೊಳ್ಳೆಂಬುದನ್ನು ತೋರಿಸಲು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ಎಂಬ ಚಿತ್ರಶಾಲೆಯ ಒಂದು ಹಾಳೆಯೇ ಸಾಕು.

ಅದು ಜರ್ಮನಿಯ ಎಮಿಲ್ ನೋಲ್ಡೆಯು 1912ರಲ್ಲಿ ಕೆತ್ತಿದ ‘ಪ್ರವಾದಿ’ ಎಂಬ ಮರದಚ್ಚಿನ ಚಿತ್ರ. ಎತ್ತರ ಸುಮಾರು 32 ಸೆಂಟಿಮೀಟರು, ಅಗಲ 22. ಹಲಗೆಯಲ್ಲಿ ಬಿಳಿದಾಗಿ ಕಾಣಬೇಕಾದ ಭಾಗವನ್ನು ಕೆತ್ತಿ ತೆಗೆದು, ಉಬ್ಬಿ ನಿಂತ ಭಾಗಕ್ಕೆ ಮಸಿ ಬಳಿದು ಕಾಗದವನ್ನೊತ್ತುವುದು ಇದರ ಕ್ರಮ. ಗುಳಿಬಿದ್ದ ಕಣ್ಣು, ಬತ್ತಿದ ಕೆನ್ನೆ, ಜೋಲುವ ಗಡ್ಡ ಇವಿಷ್ಟರಿಂದಲೇ ಒಂದು ಜನ್ಮದ ಸಂಕಟವು ಮೂಡಿದೆ. ಹೊರಗಿನ ಸಾದೃಶ್ಯಕ್ಕಿಂತ ಒಳಗಿನ ತುಮುಲವೇ ಮಿಗಿಲೆಂದ ಎಕ್ಸ್‌ಪ್ರೆಷನಿಸ್ಟ್ ಪಂಥದ ಶ್ರೇಷ್ಠ ಕೃತಿಗಳಲ್ಲಿ ಇದೂ ಒಂದೆಂಬುದು ನಿರ್ವಿವಾದ.

ಚಿತ್ರಶಾಲೆಯು ಇದನ್ನು ಹಣ ತೆತ್ತು ಕೊಳ್ಳಲಿಲ್ಲ. ಯೆಹೂದ್ಯ ಮನೆತನದ ಲೆಸಿಂಗ್ ರೋಸೆನ್‌ವಾಲ್ಡ್ ಅವರು 1943ರಲ್ಲಿ ತಮ್ಮ ಮುದ್ರಿತ ಚಿತ್ರಗಳ ಸಂಗ್ರಹವನ್ನು ರಾಷ್ಟ್ರಕ್ಕೆ ಅರ್ಪಿಸಿದಾಗ ಇದೂ ಅದರೊಡನೆ ಸಂದಿತು. ಅವರು 1979ರಲ್ಲಿ ನಿಧನರಾಗುವ ವೇಳೆಗೆ ಆ ದಾನವು ಸುಮಾರು 22,000 ಚಿತ್ರಗಳಿಗೆ ಬೆಳೆದಿತ್ತು. ಯುರೋಪಿನಲ್ಲಿ ಯೆಹೂದ್ಯರ ಸಂಹಾರವು ನಡೆಯುತ್ತಿದ್ದ ವರ್ಷವೇ 1943. ನೋಲ್ಡೆಯಾದರೋ 1934ರಲ್ಲಿಯೇ ನಾಜಿ ಪಕ್ಷಕ್ಕೆ ಸೇರಿದವನು, ಯೆಹೂದ್ಯದ್ವೇಷಿ. ಆದರೂ ನಾಜಿ ಸರಕಾರವು ಅವನ ಸಾವಿರಕ್ಕೂ ಮಿಕ್ಕ ಕೃತಿಗಳನ್ನು ‘ಪತಿತ ಕಲೆ’ಯೆಂದು 1937ರಲ್ಲಿ ಜರ್ಮನಿಯ ಸಂಗ್ರಹಾಲಯಗಳಿಂದ ಕಿತ್ತೊಯ್ದಿತು; 1941ರಲ್ಲಿ ಅವನ ವೃತ್ತಿಗೂ ನಿಷೇಧ ಹಾಕಿತು. ಯುದ್ಧ ಮುಗಿದ ಮೇಲೆ ಲೋಕವು ಈ ಪೆಟ್ಟನ್ನು ಮಾತ್ರ ನೆನೆದು ಅವನನ್ನು ಹುತಾತ್ಮನಂತೆ ಕೊಂಡಾಡಿತು. ಅವನ ಭಕ್ತಿ ಯಾವ ಕಡೆಗಿತ್ತೆಂಬುದನ್ನು ಮರೆಯಿತು.

2019ರಲ್ಲಿ ಬರ್ಲಿನ್ನಿನಲ್ಲಿ ನಡೆದ ಪ್ರದರ್ಶನವೊಂದು ಈ ಮರೆವನ್ನು ಹರಿಯಿತು. ಅದೇ ಕಾಲಕ್ಕೆ ಅಂದಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಅವರ ಕಾರ್ಯಾಲಯದಿಂದ ನೋಲ್ಡೆಯ ಎರಡು ಚಿತ್ರಗಳು ಕೆಳಗಿಳಿದವು. ಅಧಿಕಾರದ ಪೀಠದ ಹಿಂದೆ ತೂಗುವ ಚಿತ್ರವು ಗೌರವದ ಗುರುತು. ಅದನ್ನು ಇಳಿಸಿದುದು ಯುಕ್ತವೇ. ಆದರೆ ಇದನ್ನೇ ಮೇಲ್ಪಂಕ್ತಿಯಾಗಿ ಹಿಡಿದು ಸಂಗ್ರಹಾಲಯಗಳೂ ಅವನ ಚಿತ್ರಗಳನ್ನು ಕತ್ತಲೆಕೋಣೆಗೆ ನೂಕಬೇಕೆಂಬುದು ಅವಿವೇಕ. ಸಂಗ್ರಹಾಲಯವು ಸನ್ಮಾನದ ವೇದಿಕೆಯಲ್ಲ, ಸಾಕ್ಷ್ಯದ ಭಂಡಾರ. ಬಚ್ಚಿಟ್ಟ ಸಾಕ್ಷ್ಯದಿಂದ ಯಾರಿಗೂ ನ್ಯಾಯ ದೊರಕದು.

ಕಲೆ ಬೇರೆ, ಕಲಾವಿದನ ನಡತೆ ಬೇರೆ ಎನ್ನುವವರ ಮೌನವೂ ಅಷ್ಟೇ ಸಲ್ಲದು. ಮರದಚ್ಚಿನ ಚಿತ್ರವು ಒಂಟಿಯಲ್ಲ. ಒಂದೇ ಹಲಗೆಯಿಂದ ಹಲವು ಪ್ರತಿಗಳು ಹೊರಡುತ್ತವೆ. ಎಲ್ಲದರಲ್ಲಿಯೂ ಮುಖವೊಂದೇ, ಆದರೆ ಪ್ರತಿಯೊಂದು ಹಾಳೆಯೂ ನಡೆದ ದಾರಿ ಬೇರೆ. ಆ ದಾರಿಯನ್ನು ಅಳಿಸಿದರೆ ವಾಷಿಂಗ್ಟನ್ನಿನ ಹಾಳೆಗೆ ತನ್ನದೆಂಬ ಚರಿತ್ರೆಯೇ ಉಳಿಯದು. ದ್ವೇಷಿಯು ಕೆತ್ತಿದುದನ್ನು, ಆ ದ್ವೇಷಕ್ಕೆ ಗುರಿಯಾದ ಕುಲದವರೊಬ್ಬರು ಕಾಪಾಡಿ ಸರ್ವರಿಗೂ ಕೊಟ್ಟರೆಂಬ ಸಂಗತಿಯು ಬರಿಯ ಕಚೇರಿಯ ದಾಖಲೆಯೇ?

ಆದುದರಿಂದ ಪ್ರವಾದಿಯು ಗೋಡೆಯ ಮೇಲೆಯೇ ಇರಲಿ. ಅವನ ಪಕ್ಕದ ಚೀಟಿಯಲ್ಲಿ ನೋಲ್ಡೆಯ ಪ್ರತಿಭೆಯನ್ನೂ ಪಕ್ಷವನ್ನೂ, ದಾತರ ಹೆಸರನ್ನೂ ದಾನದ ವರ್ಷವನ್ನೂ ಒಂದೇ ಅಳತೆಯ ಅಕ್ಷರಗಳಲ್ಲಿ ಬರೆಯಲಿ. ಇಷ್ಟನ್ನು ಬರೆಯಲು ಹಿಂಜರಿಯುವ ಸಂಗ್ರಹಾಲಯಕ್ಕೆ ಚಿತ್ರವನ್ನು ತೋರಿಸುವ ಅಧಿಕಾರವೂ ಇಲ್ಲ.